ಕಾಲೇಜಿನಲ್ಲಿ ಧರ್ಮವನ್ನು ಒಂದು ವಿಷಯವಾಗಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧರ್ಮ ಅಧ್ಯಯನವನ್ನು ಓದಿ, ಆಮೇಲೆ ಹಲವು ವರ್ಷ ಅದನ್ನೇ ಪಾಠ ಮಾಡಿದವಳು ನಾನು. ಪ್ರತಿ ವರ್ಷವೂ ಕ್ಲಾಸ್ ಶುರುವಾದ ಮೊದಲ ವಾರ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ವಿದ್ಯಾರ್ಥಿಗಳು ಕೈ ಎತ್ತಿ ಕೇಳುತ್ತಾರೆ. ಇನ್ನು ಕೆಲವನ್ನು ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಾರೆ. ಹಾಗೆ ಮೆಲ್ಲಗೆ ಕೇಳಿದವಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಧರ್ಮಬೋಧನೆಯ ಕ್ಲಾಸಾ?

ಅಲ್ಲ. ಇಲ್ಲಿ ಯಾರೂ ನಿಮಗೆ ಪ್ರಾರ್ಥನೆ ಕಲಿಸುವುದಿಲ್ಲ. ಏನನ್ನು ನಂಬಬೇಕು, ಏನನ್ನು ಬಿಡಬೇಕು ಎಂದು ಹೇಳುವುದಿಲ್ಲ. ಜನ ಏನನ್ನು ನಂಬುತ್ತಾರೆ, ಆ ನಂಬಿಕೆ ಅವರ ದಿನಚರಿಯಲ್ಲಿ, ಹಾಡಿನಲ್ಲಿ, ಕಾನೂನಿನಲ್ಲಿ, ಸಾವಿನ ಮನೆಯಲ್ಲಿ ಹೇಗೆ ಕಾಣಿಸುತ್ತದೆ, ಕಾಲ ಕಳೆದ ಹಾಗೆ ಹೇಗೆ ಬದಲಾಯಿತು ಎಂದು ನೋಡುತ್ತೇವೆ. ಧರ್ಮವನ್ನು ಕಲಿಸುವುದು ಬೇರೆ, ಧರ್ಮದ ಬಗ್ಗೆ ಕಲಿಸುವುದು ಬೇರೆ.

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ಒಂದು ಕೋರ್ಟ್ ತೀರ್ಪು. ಸರ್ಕಾರಿ ಶಾಲೆಗಳಲ್ಲಿ ದಿನದ ಆರಂಭಕ್ಕೆ ಬೈಬಲ್ ಓದಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಧರ್ಮಗಳ ಇತಿಹಾಸವನ್ನೋ ತೌಲನಿಕ ಅಧ್ಯಯನವನ್ನೋ ಓದದಿದ್ದರೆ ಒಬ್ಬರ ಶಿಕ್ಷಣ ಪೂರ್ತಿಯಾಗಿಲ್ಲ ಎನ್ನಬಹುದು ಎಂದು ನ್ಯಾಯಾಧೀಶರು ಬರೆದರು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಗಟ್ಟಿಯಾಗಿ ಬೇರೂರಿದ್ದು ಆಮೇಲೆಯೇ.

ಹಾಗಾದರೆ ಥಿಯಾಲಜಿ?

ಅದು ಒಂದು ನಂಬಿಕೆಯ ಒಳಗೆ ನಿಂತು, ಆ ನಂಬಿಕೆಯನ್ನು ಅರ್ಥ ಮಾಡಿಕೊಳ್ಳುವ, ಸಮರ್ಥಿಸುವ, ತಿದ್ದುವ ಓದು. ಪುರೋಹಿತರು, ಪಾದ್ರಿಗಳು, ಧರ್ಮಪಂಡಿತರು ಆಗುವವರಿಗೆ ಅದು ಬೇಕು. ನಮ್ಮ ವಿಷಯದಲ್ಲಿ ಥಿಯಾಲಜಿಯೂ ಓದಬೇಕಾದ ಸಾಮಗ್ರಿಗಳಲ್ಲಿ ಒಂದು. ಒಂದು ಮೇಲು, ಇನ್ನೊಂದು ಕೀಳು ಅಂತೇನಿಲ್ಲ. ಆದರೆ ಸೇರುವ ಮೊದಲು ಸಿಲಬಸ್ ನೋಡಿ, ಯಾವುದಕ್ಕೆ ಸೇರುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ಎರಡೂ ಒಂದೇ ವಿಭಾಗದಲ್ಲಿರುವ ಕಾಲೇಜುಗಳೂ ಇವೆ.

'ಧರ್ಮ' ಅಂದರೆ ಇಲ್ಲಿ ಏನರ್ಥ?

ಕನ್ನಡದಲ್ಲಿ ಯೋಚಿಸುವವರಿಗೆ ಈ ಪ್ರಶ್ನೆ ಬೇಗ ಎದುರಾಗುತ್ತದೆ. ಸುಡುವುದು ಬೆಂಕಿಯ ಧರ್ಮ ಎನ್ನುತ್ತೇವೆ. ದುಡ್ಡು ತೆಗೆದುಕೊಳ್ಳದೆ ಕೊಟ್ಟರೆ ಧರ್ಮಕ್ಕೆ ಕೊಟ್ಟರು ಎನ್ನುತ್ತೇವೆ. ಆ ಕಡೆಗೂ ಹೋಗಲಾಗದೆ ಈ ಕಡೆಗೂ ಬರಲಾಗದೆ ಸಿಕ್ಕಿಕೊಂಡರೆ ಅದು ಧರ್ಮಸಂಕಟ. ಕಳ್ಳನನ್ನು ಹಿಡಿದು ಗುಂಪು ಬಾರಿಸಿದರೆ ಅದು ಧರ್ಮದೇಟು. ಇವುಗಳಲ್ಲಿ ಯಾವುದೂ ನಾವು ಅರ್ಜಿಯಲ್ಲಿ 'ಧರ್ಮ' ಎಂಬ ಖಾನೆಯಲ್ಲಿ ತುಂಬುವ ಧರ್ಮ ಅಲ್ಲ. ಆ ಖಾನೆಯ ಧರ್ಮ 'ರಿಲಿಜನ್' ಎಂಬ ಪದದ ಅನುವಾದವಾಗಿ ಬಂದದ್ದು. ಮತ, ಪಂಥ, ಸಂಪ್ರದಾಯ, ನಡೆ, ವ್ರತ ಎಂದೆಲ್ಲ ಬೇರೆ ಬೇರೆಯಾಗಿ ಹೇಳುತ್ತಿದ್ದುದನ್ನು ಆ ಒಂದು ಪದದ ಕೆಳಗೆ ತಂದಿಟ್ಟೆವು.

ಇದು ನಮ್ಮೊಬ್ಬರ ಕಥೆಯಲ್ಲ. ಜಪಾನೀಯರು ರಿಲಿಜನ್‌ಗೆ ಈಗ 'ಶೂಕ್ಯೋ' ಎನ್ನುತ್ತಾರೆ. ಆ ಪದ ಈ ಅರ್ಥದಲ್ಲಿ ಅಲ್ಲಿ ನೆಲೆಯಾದದ್ದು 19ನೇ ಶತಮಾನದಲ್ಲಿ, ಪಶ್ಚಿಮದ ದೇಶಗಳ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ಅನುವಾದಿಸಬೇಕಾಗಿ ಬಂದಾಗ. ಲ್ಯಾಟಿನ್‌ನ ಮೂಲ ಪದ 'ರೆಲಿಜಿಯೋ' ಕೂಡ ರೋಮನ್ನರಿಗೆ, ದೇವರಿಗೆ ಸಲ್ಲಬೇಕಾದ್ದನ್ನು ಲೋಪವಿಲ್ಲದೆ ಸಲ್ಲಿಸುವ ಎಚ್ಚರವನ್ನು ಹೇಳುತ್ತಿತ್ತು. ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಎಂಬ ವಿದ್ವಾಂಸರು 1962ರಲ್ಲಿ, ಈ ಪದವನ್ನೇ ಬಿಟ್ಟುಬಿಡೋಣ, ಒಬ್ಬೊಬ್ಬರ ಶ್ರದ್ಧೆ ಮತ್ತು ತಲೆಮಾರುಗಳಿಂದ ಕೂಡಿಬಂದ ಪರಂಪರೆ ಎಂದು ಎರಡಾಗಿ ಮಾತಾಡೋಣ ಎಂದರು. ಪದ ಹೋಗಲಿಲ್ಲ. ಆದರೆ ಅದನ್ನು ಸುಮ್ನೆ ಬಳಸುವುದು ಕಷ್ಟವಾಯಿತು. ಅದು ಒಳ್ಳೆಯದೇ ಆಯಿತು.

ಕ್ಲಾಸಿನಲ್ಲಿ ನಾನು ಮೊದಲಿಗೆ ಒಂದು ವ್ಯಾಖ್ಯೆ ಕೊಡುವುದಿಲ್ಲ. ನಿನಿಯನ್ ಸ್ಮಾರ್ಟ್ ಅವರು 1967ರಲ್ಲಿ ಇಂಗ್ಲೆಂಡಿನ ಲ್ಯಾಂಕ್ಯಾಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗ ಕಟ್ಟಿದವರು. ಅವರು ತೋರಿಸಿದ ದಾರಿ ಅನುಕೂಲ. ಆಚರಣೆ, ಕಥೆ, ಅನುಭವ, ಸಿದ್ಧಾಂತ, ನೀತಿ, ಸಂಘಟನೆ ಎಂಬ ಮುಖಗಳನ್ನು ಒಂದೊಂದಾಗಿ ನೋಡಿ ಎಂದರು. ಆಮೇಲೆ ಕಟ್ಟಡ, ಮೂರ್ತಿ, ಬಟ್ಟೆಯಂತಹ ವಸ್ತುಗಳನ್ನೂ ಸೇರಿಸಿದರು. 'ಅವರು ಏನು ನಂಬುತ್ತಾರೆ?' ಎಂಬ ಒಂದೇ ಪ್ರಶ್ನೆ ಹಿಡಿದು ಹೋದವರಿಗೆ ಇವುಗಳಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ.

ಇದನ್ನು ಓದಿದರೆ ನನ್ನ ನಂಬಿಕೆ ಹೋಗುತ್ತದಾ?

ಬಾಗಿಲ ಬಳಿ ಕೇಳುವ ಪ್ರಶ್ನೆ ಇದು. ಕೇಳುವವರ ಮುಖದಲ್ಲಿ ನಿಜವಾದ ಭಯ ಇರುತ್ತದೆ. ಅದಕ್ಕೆ 'ಏನೂ ಆಗಲ್ಲ ಬಿಡಿ' ಎಂದು ಬೆನ್ನು ತಟ್ಟಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಕೆಲವರ ನಂಬಿಕೆ ಅಲ್ಲಾಡುತ್ತದೆ. ನೀವು ಚಿಕ್ಕಂದಿನಿಂದ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದ ಪಠ್ಯಕ್ಕೆ ಹಲವು ಹಸ್ತಪ್ರತಿಗಳಿವೆ, ಅವುಗಳ ನಡುವೆ ಪಾಠಭೇದಗಳಿವೆ ಎಂದು ಗೊತ್ತಾದ ದಿನ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗುತ್ತದೆ. ನನಗೂ ಆಗಿತ್ತು. ಅವತ್ತು ರಾತ್ರಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ಯಾರೋ ಒಬ್ಬ ಬರಹಗಾರ ಕಣ್ಣು ಮಂಜಾಗಿ ಒಂದು ಸಾಲು ಬಿಟ್ಟಿದ್ದ, ಇನ್ನೊಬ್ಬ ಅದನ್ನು ಅಂಚಿನಲ್ಲಿ ಬರೆದು ಸೇರಿಸಿದ್ದ. ಮೊದಲು ಮೋಸ ಹೋದೆ ಅನ್ನಿಸಿತು. ಕೆಲವು ವಾರ ಕಳೆದ ಮೇಲೆ ಬೇರೆ ಥರ ಕಂಡಿತು. ಆ ಸಾಲು ನನ್ನವರೆಗೆ ಬರಲಿ ಎಂದು ಎಷ್ಟು ಜನ ದೀಪದ ಬೆಳಕಿನಲ್ಲಿ ಬಗ್ಗಿ ಕೂತು ಬರೆದಿದ್ದಾರೆ ಎಂದು ಯೋಚಿಸತೊಡಗಿದೆ.

ನನ್ನ ವಿದ್ಯಾರ್ಥಿಗಳಲ್ಲಿ ನಂಬಿಕೆ ಬಿಟ್ಟವರಿದ್ದಾರೆ, ಗಟ್ಟಿಯಾದವರಿದ್ದಾರೆ, ಇದ್ದ ಹಾಗೇ ಉಳಿದವರೂ ಇದ್ದಾರೆ. ಯಾವ ಕಡೆಗೆ ಹೋಗುತ್ತೀರಿ ಎಂದು ನಾನು ಹೇಳಲಾರೆ. ನಿಮ್ಮನ್ನು ಯಾವ ಕಡೆಗೂ ತಳ್ಳುವುದು ಪಾಠ ಮಾಡುವವರ ಕೆಲಸವಲ್ಲ ಎಂದು ಮಾತ್ರ ಹೇಳಬಲ್ಲೆ. ತಳ್ಳಿದರೆ ಎದ್ದು ಪ್ರಶ್ನೆ ಕೇಳಿ. ಮತ್ತು ಅಂಥ ರಾತ್ರಿಗಳಲ್ಲಿ ಒಬ್ಬರೇ ಇರಬೇಡಿ. ಜೊತೆಗೆ ಓದುವವರೊಬ್ಬರಿಗೆ ಫೋನ್ ಮಾಡಿ. ಹೆಚ್ಚಾಗಿ ಅವರೂ ಎಚ್ಚರವಾಗಿಯೇ ಇರುತ್ತಾರೆ.

ದೇವರನ್ನು ನಂಬದವರು ಓದಬಹುದಾ?

ಖಂಡಿತ. ಸಮಾಜಶಾಸ್ತ್ರ ಕಟ್ಟಿದವರಲ್ಲಿ ಒಬ್ಬರಾದ ಎಮಿಲ್ ಡರ್ಖೈಮ್ ಯಹೂದಿ ಧರ್ಮಗುರುವಿನ ಮಗ. ಸ್ವತಃ ನಂಬಿಕೆ ಇಟ್ಟುಕೊಳ್ಳದವರು. ಆದರೂ 1912ರಲ್ಲಿ ಧರ್ಮದ ಬಗ್ಗೆ ಬರೆದಾಗ, ಸುಳ್ಳು ಧರ್ಮ ಎಂಬುದೇ ಇಲ್ಲ, ಎಲ್ಲವೂ ತಮ್ಮ ತಮ್ಮ ರೀತಿಯಲ್ಲಿ ನಿಜ ಎಂದರು. ಇಷ್ಟು ಜನ, ಇಷ್ಟು ಕಾಲ ಹಿಡಿದುಕೊಂಡು ಬಂದದ್ದರ ಹಿಂದೆ ಏನೋ ಇರಲೇಬೇಕು ಎಂಬ ಗೌರವ ಅದು. ನಂಬದವರಿಗೆ ಆ ಗೌರವ ಇದ್ದರೆ ಸಾಕು. 'ಇವರೆಲ್ಲ ಯಾಕೆ ಹೀಗೆ ಮೋಸ ಹೋಗುತ್ತಾರೆ?' ಎಂದು ಶುರು ಮಾಡಿದರೆ ಮಾತ್ರ ಮೂರನೇ ವಾರಕ್ಕೆ ಬೇಸರ ಬರುತ್ತದೆ. ಉತ್ತರ ಮೊದಲೇ ಇಟ್ಟುಕೊಂಡವರಿಗೆ ಓದಲು ಏನು ಉಳಿಯುತ್ತದೆ?

ಈ ವಿಷಯ ಶುರುವಾದದ್ದು ಯಾವಾಗ?

ಬೇರೆಯವರ ನಂಬಿಕೆಯನ್ನು ಕುತೂಹಲದಿಂದ ನೋಡಿ ಬರೆದವರು ಹಿಂದಿನಿಂದಲೂ ಇದ್ದಾರೆ. 11ನೇ ಶತಮಾನದಲ್ಲಿ ಅಲ್ ಬಿರೂನಿ ಸಂಸ್ಕೃತ ಕಲಿತು ಹಿಂದೂಗಳ ಬಗ್ಗೆ ಬರೆದ. ತನ್ನ ಓದುಗರು ಒಪ್ಪದ ಮಾತನ್ನೂ ಅವರು ಹೇಳಿದ ಹಾಗೇ ದಾಖಲಿಸಿದ. ಕಾಲೇಜಿನ ವಿಷಯವಾಗಿ ಇದು ರೂಪ ಪಡೆದದ್ದು ಮಾತ್ರ 19ನೇ ಶತಮಾನದ ಯುರೋಪಿನಲ್ಲಿ. 1870ರಲ್ಲಿ ಮ್ಯಾಕ್ಸ್ ಮುಲ್ಲರ್ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳನ್ನು ಶುರುವಿನ ಗುರುತಾಗಿ ಹೇಳುವುದುಂಟು. ಒಂದನ್ನೇ ಬಲ್ಲವನು ಒಂದನ್ನೂ ಬಲ್ಲವನಲ್ಲ ಎಂಬ ಅವರ ಮಾತು ಈಗಲೂ ಮೊದಲ ಕ್ಲಾಸಿನಲ್ಲಿ ಕೇಳುತ್ತದೆ. ಜರ್ಮನ್ ಕವಿ ಗಯಟೆ, ಭಾಷೆಗಳ ಬಗ್ಗೆ ಹೇಳಿದ್ದನ್ನು ಅವರು ಧರ್ಮಕ್ಕೆ ತಂದರು.

ಒಂದು ವಿಷಯ ಮರೆಯಬಾರದು. ಋಗ್ವೇದವನ್ನು ಸಂಪಾದಿಸಿದ ಮುಲ್ಲರ್ ಭಾರತಕ್ಕೆ ಬರಲೇ ಇಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಬರೆದ ಡರ್ಖೈಮ್ ಅಲ್ಲಿಗೆ ಕಾಲಿಡಲಿಲ್ಲ. ಆಗಿನ ವಿದ್ವಾಂಸರ ಕೈಗೆ ಸಿಗುತ್ತಿದ್ದ ಮಾಹಿತಿಯಲ್ಲಿ ಬಹುಪಾಲು ಮಿಷನರಿಗಳು, ವಸಾಹತು ಅಧಿಕಾರಿಗಳು, ಪ್ರವಾಸಿಗಳು ಬರೆದದ್ದು. ಯಾರು ಆಳುತ್ತಿದ್ದರು, ಯಾರ ಬಗ್ಗೆ ಬರೆಯಲಾಗುತ್ತಿತ್ತು ಎಂಬ ಲೆಕ್ಕ ಈ ವಿಷಯದ ಬುಡದಲ್ಲೇ ಇದೆ. ಒಳ್ಳೆಯ ವಿಭಾಗದಲ್ಲಿ ಅದನ್ನು ಮುಚ್ಚಿಡುವುದಿಲ್ಲ, ಅದನ್ನೂ ಪಾಠ ಮಾಡುತ್ತಾರೆ.

ಕ್ಲಾಸಿನಲ್ಲಿ ನಿಜವಾಗಿ ಏನು ಮಾಡುತ್ತೀರಿ?

ಓದುತ್ತೇವೆ, ಜಾಸ್ತಿ ಓದುತ್ತೇವೆ. ಇತಿಹಾಸ, ಭಾಷೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ತತ್ವಶಾಸ್ತ್ರ ಎಲ್ಲವೂ ಇಲ್ಲಿ ಬಂದು ಸೇರುತ್ತವೆ. ಒಂದು ಉದಾಹರಣೆ ಕೊಡುತ್ತೇನೆ.

1920ರ ದಶಕದ ಕೊನೆಯಲ್ಲಿ ಇವಾನ್ಸ್ ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞ ಸುಡಾನಿನ ದಕ್ಷಿಣ ಭಾಗದಲ್ಲಿ ಅಜಾಂಡೆ ಜನರ ನಡುವೆ ಇದ್ದರು. ಅಲ್ಲಿ ಧಾನ್ಯದ ಕಣಜಗಳು ಮರದ ಕಂಬಗಳ ಮೇಲೆ ನಿಂತಿರುತ್ತವೆ. ಬಿಸಿಲು ಹೆಚ್ಚಾದಾಗ ಜನ ಅದರ ನೆರಳಿಗೆ ಬಂದು ಕೂರುತ್ತಾರೆ. ಕೆಲವೊಮ್ಮೆ ಕಣಜ ಕುಸಿದು ಕೆಳಗಿದ್ದವರಿಗೆ ಪೆಟ್ಟಾಗುತ್ತದೆ. ಇದು ಮಾಟದ ಕೆಲಸ ಎನ್ನುತ್ತಾರೆ ಅಜಾಂಡೆ.

ಇಲ್ಲಿಗೆ ನಿಲ್ಲಿಸಿ ವಿದ್ಯಾರ್ಥಿಗಳನ್ನು ಕೇಳುತ್ತೇನೆ: ಇವರಿಗೆ ಗೆದ್ದಲು ಹುಳದ ವಿಷಯ ಗೊತ್ತಿಲ್ಲವಾ? ಹೆಚ್ಚಿನವರು ಗೊತ್ತಿಲ್ಲ ಎನ್ನುತ್ತಾರೆ. ಆದರೆ ಅವರಿಗೆ ಚೆನ್ನಾಗಿ ಗೊತ್ತು. ಕಂಬ ಗೆದ್ದಲು ತಿಂದು ಟೊಳ್ಳಾಗಿತ್ತು, ಅದಕ್ಕೇ ಬಿತ್ತು ಎಂದು ಅವರೇ ಹೇಳುತ್ತಾರೆ. ಬಿಸಿಲಿತ್ತು, ಅದಕ್ಕೇ ಜನ ಕೂತಿದ್ದರು ಎಂದೂ ಹೇಳುತ್ತಾರೆ. ಅವರು ಕೇಳುವ ಪ್ರಶ್ನೆ ಬೇರೆ. ಇಷ್ಟು ದಿನ ನಿಂತಿದ್ದ ಕಣಜ, ಇವರೇ ಕೂತಿದ್ದ ಆ ಹೊತ್ತಿಗೇ ಯಾಕೆ ಬಿತ್ತು? 'ಹೇಗೆ' ಎಂಬುದಕ್ಕೆ ಗೆದ್ದಲು ಉತ್ತರ. 'ನನಗೇ ಯಾಕೆ' ಎಂಬುದಕ್ಕೆ ಮಾಟ ಉತ್ತರ.

ಇಷ್ಟು ಹೇಳಿದ ಮೇಲೆ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಯಾಕೆಂದರೆ ಆಸ್ಪತ್ರೆಯ ಹೊರಗೆ ಕೂತು ಆ ಎರಡನೇ ಪ್ರಶ್ನೆಯನ್ನು ಕೇಳಿಕೊಳ್ಳದವರು ಯಾರೂ ಇಲ್ಲ. ಡಾಕ್ಟರ್ ಮೊದಲನೆಯದಕ್ಕೆ ಉತ್ತರ ಕೊಟ್ಟಿರುತ್ತಾರೆ. ಎರಡನೆಯದು ಹಾಗೇ ಉಳಿದಿರುತ್ತದೆ.

ಹಳೆಯ ಭಾಷೆ ಕಲಿಯಲೇಬೇಕಾ?

ಡಿಗ್ರಿಯಲ್ಲಿ ಹೆಚ್ಚಾಗಿ ಕಡ್ಡಾಯ ಇರುವುದಿಲ್ಲ. ಸಂಶೋಧನೆಗೆ ಹೋಗುವವರು, ಅದರಲ್ಲೂ ಪಠ್ಯಗಳ ಮೇಲೆ ಕೆಲಸ ಮಾಡುವವರು ಕಲಿಯಲೇಬೇಕು. ಅನುವಾದದಲ್ಲಿ ಎಷ್ಟು ಅಡಗಿರುತ್ತದೆ ಎಂದು ನೋಡಿ. ಹೀಬ್ರೂ ಬೈಬಲ್‌ನ ಯೆಶಾಯನ ಗ್ರಂಥದ 7ನೇ ಅಧ್ಯಾಯದಲ್ಲಿ 'ಅಲ್ಮಾ' ಎಂಬ ಪದವಿದೆ. ಪ್ರಾಯದ ಹುಡುಗಿ ಎಂದು ಅರ್ಥ. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದದಲ್ಲಿ ಅದು 'ಪಾರ್ಥೆನೋಸ್' ಆಯಿತು, ಸಾಮಾನ್ಯವಾಗಿ ಕನ್ಯೆ ಎಂದು ಅರ್ಥ ಕೊಡುವ ಪದ. ಮತ್ತಾಯನ ಸುವಾರ್ತೆ ಆ ಗ್ರೀಕ್ ಪದವನ್ನು ಹಿಡಿದು ಯೇಸುವಿನ ಹುಟ್ಟಿನ ಬಗ್ಗೆ ಮಾತಾಡಿತು. 1952ರಲ್ಲಿ ಇಂಗ್ಲಿಷಿನ ಹೊಸ ಅನುವಾದವೊಂದು ಯೆಶಾಯನಲ್ಲಿ ಮತ್ತೆ ಪ್ರಾಯದ ಹುಡುಗಿ ಎಂದು ಹಾಕಿದಾಗ, ಅಮೆರಿಕದಲ್ಲಿ ಒಬ್ಬ ಪಾದ್ರಿ ಆ ಪುಟವನ್ನೇ ಬಹಿರಂಗವಾಗಿ ಸುಟ್ಟರು. ಇಷ್ಟಕ್ಕೂ ಕಾರಣ ಒಂದೇ ಒಂದು ಪದ.

ನಮಗೆ ಇನ್ನೊಂದು ಅಪಾಯವೂ ಇದೆ. ಪಾಲಿ, ಪ್ರಾಕೃತ, ಸಂಸ್ಕೃತದ ಪದಗಳು ಪರಿಚಯದ ಮುಖ ಹೊತ್ತು ಬರುತ್ತವೆ. ಬುದ್ಧ ಹೇಳಿದ 'ದುಕ್ಖ' ಎಂಬುದನ್ನು ನೋಡಿದ ಕೂಡಲೇ ನಾವು ದುಃಖ, ಅಳು ಎಂದುಕೊಳ್ಳುತ್ತೇವೆ. ಅಲ್ಲಿ ಸುಖವೂ ದುಕ್ಖದ ಒಳಗೇ ಬರುತ್ತದೆ. ಯಾಕೆಂದರೆ ಸುಖ ನಿಲ್ಲುವುದಿಲ್ಲ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುತ್ತೇವೆ. ಗೊತ್ತು ಅಂದುಕೊಂಡ ಪದಕ್ಕೆ ನೋಡುವುದಿಲ್ಲ ಅಲ್ವಾ?

ಫೀಲ್ಡ್‌ವರ್ಕ್ ಅಂದರೆ ಏನು ಮಾಡಬೇಕು?

ಹೋಗಿ, ಕೂತು, ನೋಡಿ, ಕೇಳಿ, ಬರೆಯಬೇಕು. ಮೊದಲು ಅನುಮತಿ ಕೇಳಬೇಕು. ಯಾಕೆ ಬಂದಿದ್ದೀರಿ ಎಂದು ಮರೆಮಾಚದೆ ಹೇಳಬೇಕು. ರೆಕಾರ್ಡ್ ಮಾಡುವ ಮೊದಲು ಮತ್ತೆ ಕೇಳಬೇಕು. ಬೇಡ ಅಂದರೆ ಅಲ್ಲಿಗೆ ಬಿಡಬೇಕು.

ನನ್ನ ಮೊದಲ ಅಸೈನ್‌ಮೆಂಟ್ ಒಂದು ಪ್ರಾರ್ಥನಾ ಸಭೆಯದು. ನನಗೆ ಪರಿಚಯವಿಲ್ಲದ ಸಮುದಾಯ. 'ಜನ ಭಕ್ತಿಯಿಂದ ಕೇಳುತ್ತಿದ್ದರು' ಎಂದು ಬರೆದಿದ್ದೆ. ವಾಪಸ್ ಬಂದ ಹಾಳೆಯಲ್ಲಿ 'ಭಕ್ತಿಯಿಂದ' ಎಂಬ ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಹೇಗೆ ಗೊತ್ತಾಯಿತು?' ಎಂದು ಬರೆದಿತ್ತು. ನನಗೆ ಕೋಪ ಬಂತು. ಎದುರಿಗೇ ನೋಡಿದ್ದೆನಲ್ಲ! ಹಾಗಾದರೆ ಏನು ನೋಡಿದೆ ಎಂದು ಬರೆದುಕೊಂಡು ಬಾ ಎಂದರು ಮೇಷ್ಟ್ರು.

ಮುಂದಿನ ವಾರ ಮತ್ತೆ ಹೋಗಿ ಕೂತೆ. ಈ ಸಲ ಬರೆದದ್ದು ಹೀಗೆ: 'ಮುಂದಿನ ಸಾಲಿನ ಅಜ್ಜಿಯ ತುಟಿಗಳು ಓದುವವರ ದನಿಗಿಂತ ಅರ್ಧ ಪದ ಮೊದಲೇ ಅಲುಗುತ್ತಿವೆ. ಪುಸ್ತಕ ತೊಡೆಯ ಮೇಲಿದೆ, ಆದರೆ ಪುಟ ತಿರುಗಿಸುತ್ತಿಲ್ಲ.' ಸಭೆ ಮುಗಿದ ಮೇಲೆ ಅವರನ್ನು ಮಾತಾಡಿಸಿದೆ. ತಮಗೆ ಓದು ಬರುವುದಿಲ್ಲ ಎಂದರು. ಅವರ ತಾಯಿ ದಿನಾ ಹೇಳಿಕೊಳ್ಳುತ್ತಿದ್ದರಂತೆ, ಕೇಳಿ ಕೇಳಿ ಬಾಯಿಪಾಠವಾಗಿದೆ. ಪುಸ್ತಕವೂ ತಾಯಿಯದೇ. 'ಇಲ್ಲಿ ಕೂತಾಗ ಅವ್ವನ ದನಿ ಕೇಳುತ್ತದೆ ಮಗಾ' ಎಂದರು. ಇದನ್ನೆಲ್ಲ ನಾನು ಮೊದಲ ಸಲ 'ಭಕ್ತಿ' ಎಂಬ ಎರಡಕ್ಷರದಲ್ಲಿ ಮುಗಿಸಿಬಿಟ್ಟಿದ್ದೆ.

ಯಾವ ಧರ್ಮ ನಿಜ ಎಂದು ಚರ್ಚೆ ಆಗುತ್ತದಾ?

ಇಲ್ಲ. ಅದನ್ನು ಪಕ್ಕಕ್ಕಿಟ್ಟು ಓದುತ್ತೇವೆ. ಆ ಪ್ರಶ್ನೆಗೆ ಬೆಲೆ ಇಲ್ಲ ಎಂದಲ್ಲ, ಅದನ್ನು ತೀರ್ಮಾನಿಸುವ ಸಲಕರಣೆ ನಮ್ಮ ಹತ್ತಿರ ಇಲ್ಲ. ದೇವರು ಪ್ರತ್ಯಕ್ಷನಾದ ಎಂದು ಒಬ್ಬರು ಹೇಳಿದರೆ, ಹೇಳಿದರು ಎಂದು ಬರೆಯುತ್ತೇವೆ. ಯಾವಾಗ, ಯಾರ ಮುಂದೆ, ಯಾವ ಮಾತಿನಲ್ಲಿ ಹೇಳಿದರು, ಕೇಳಿದವರು ಏನು ಮಾಡಿದರು ಎಂದು ನೋಡುತ್ತೇವೆ.

ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಲ್ವಾ?

ಒಳ್ಳೆಯ ಮನಸ್ಸಿನಿಂದ ಬರುವ ಮಾತು ಇದು. ಜನ ಹೊಡೆದಾಡದಿರಲಿ ಎಂಬ ಆಸೆ ಅದರ ಹಿಂದೆ ಇದೆ. ಆದರೆ ಓದಲು ಕೂತಾಗ ಇದು ಅಡ್ಡ ಬರುತ್ತದೆ. ಜೈನರಿಗೂ ಬೌದ್ಧರಿಗೂ ಲೋಕವನ್ನು ಸೃಷ್ಟಿಸಿದ ದೇವರು ಬೇಕಿಲ್ಲ. ಇಸ್ಲಾಮಿಗೆ ಅವನಿಲ್ಲದೆ ಏನೂ ಇಲ್ಲ. ಜೈನರು ಜೀವ ಎಂಬುದಿದೆ ಎನ್ನುತ್ತಾರೆ, ಬೌದ್ಧರು ನಿತ್ಯವಾದ ಆತ್ಮವಿಲ್ಲ ಎನ್ನುತ್ತಾರೆ. ಇವರನ್ನೆಲ್ಲ 'ನೀವೆಲ್ಲ ಹೇಳುವುದು ಒಂದೇ' ಎಂದರೆ, ಅವರು ಶತಮಾನಗಟ್ಟಲೆ ವಾದ ಮಾಡಿ ಕಟ್ಟಿದ್ದನ್ನು ಕೇಳಿಸಿಕೊಳ್ಳದೆ ತಲೆ ಆಡಿಸಿದ ಹಾಗೆ. ಬೇರೆ ಬೇರೆ ಎಂದು ಒಪ್ಪಿಕೊಂಡೂ ಜೊತೆಗೆ ಬದುಕಬಹುದು.

ನನ್ನ ಧರ್ಮವನ್ನೇ ಆರಿಸಿಕೊಳ್ಳಲಾ, ಬೇರೆಯದನ್ನಾ?

ಸಾಧ್ಯವಾದರೆ ಮೊದಲ ವರ್ಷ ಬೇರೆಯದನ್ನು ಓದಿ, ಆಮೇಲೆ ನಿಮ್ಮದಕ್ಕೆ ಬನ್ನಿ. ಸ್ವಂತ ಮನೆಯ ಗೋಡೆಯ ಬಣ್ಣ ಕಾಣಬೇಕಾದರೆ ಸ್ವಲ್ಪ ದಿನ ಹೊರಗಿದ್ದು ಬರಬೇಕು.

ಒಳಗಿನವರಿಗೇ ಚೆನ್ನಾಗಿ ಗೊತ್ತು, ಹೊರಗಿನವರು ಯಾಕೆ ಮಾತಾಡಬೇಕು ಎಂಬ ವಾದ ಇದೆ. ನಾನು ಮೇಲೆ ಹೇಳಿದ ಸ್ಮಿತ್, ಒಂದು ಧರ್ಮದ ಬಗ್ಗೆ ಹೇಳಿದ ಮಾತನ್ನು ಆ ಧರ್ಮದವರು ಒಪ್ಪಬೇಕು, ಇಲ್ಲದಿದ್ದರೆ ಅದು ನಿಲ್ಲದು ಎಂದರು. ಬರೆಯುವಾಗ ನಾನು ಇದನ್ನು ನೆನಪಿಟ್ಟುಕೊಳ್ಳುತ್ತೇನೆ. ಆ ಅಜ್ಜಿಗೆ ಓದಿ ಹೇಳಿದರೆ 'ಹೌದು, ಇದು ನಾನೇ' ಅನ್ನುತ್ತಾರಾ ಎಂದು ಕೇಳಿಕೊಳ್ಳುತ್ತೇನೆ. ಆದರೆ ಒಳಗಿನವರು ಅಂದರೆ ಯಾರು? ವೇದಿಕೆಯ ಮೇಲಿರುವವರಾ, ಕಸ ಗುಡಿಸುವವರಾ? ಒಳಗೆ ಬರಬೇಡ ಎಂದು ತಡೆಸಿಕೊಂಡವರಾ? ಇವರು ಮೂವರೂ ಒಂದೇ ಧರ್ಮದ ಬಗ್ಗೆ ಮೂರು ಥರ ಹೇಳುತ್ತಾರೆ. ಯಾರು ಒಪ್ಪಿದರೆ ಸಾಕು? ಇಲ್ಲಿ ಸ್ಮಿತ್ ಅವರ ಅಳತೆ ಸಾಲುವುದಿಲ್ಲ. ಮೂವರದನ್ನೂ ಬರೆಯಬೇಕು, ಮತ್ತು ಯಾರ ಮಾತಿಗೆ ಜಾಗ ಸಿಕ್ಕಿತು, ಯಾರದಕ್ಕೆ ಸಿಗಲಿಲ್ಲ ಎಂಬುದನ್ನೂ ಬರೆಯಬೇಕು.

ಕ್ಲಾಸಿನಲ್ಲಿ ಜಗಳ ಆಗಲ್ವಾ?

ಆಗುತ್ತದೆ. ದೊಡ್ಡದಾಗದಂತೆ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಎದುರಿನವರ ಮಾತನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ಅವರು ಸರಿ ಎಂದ ಮೇಲೆ ಉತ್ತರ ಕೊಡಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಮುಂದೆ ಕೆಲಸ ಸಿಗುತ್ತದಾ?

ಈ ಡಿಗ್ರಿಯ ಹೆಸರಿರುವ ಕೆಲಸ ಹುಡುಕಿದರೆ, ಪಾಠ ಮತ್ತು ಸಂಶೋಧನೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಅವೂ ಕಡಿಮೆ. ಓದಿದವರು ಹೋಗುವುದು ಪತ್ರಿಕೆ, ಕಾನೂನು, ಮ್ಯೂಸಿಯಂ, ಅನುವಾದ, ಸಮಾಜಸೇವೆ, ಶಾಲಾ ಶಿಕ್ಷಣದ ಕಡೆಗೆ. ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಕಡೆ ಕೆಲಸ ಮಾಡುವವರೂ ಇದ್ದಾರೆ. ಈ ಕುಟುಂಬ ದೇಹವನ್ನು ಯಾಕೆ ತಾವೇ ತೊಳೆಯಬೇಕು ಎನ್ನುತ್ತದೆ ಎಂದು ಅರ್ಥವಾಗುವ ಒಬ್ಬರು ಅಲ್ಲಿರುವುದು ದೊಡ್ಡ ವಿಷಯ. ಇದರ ಜೊತೆಗೆ ಇನ್ನೊಂದು ವಿಷಯವನ್ನೂ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಭಾಷೆ, ಇತಿಹಾಸ, ಕಾನೂನು, ಯಾವುದಾದರೂ ಆಗಲಿ.

ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಹೇಳಲಿ?

ಅವರ ಭಯ ಯಾವುದು ಎಂದು ಮೊದಲು ಕೇಳಿ. ಕೆಲಸದ್ದಾದರೆ ಮೇಲಿನ ಉತ್ತರವನ್ನು ಮುಚ್ಚುಮರೆ ಇಲ್ಲದೆ ಹೇಳಿ. 'ಮಗಳು ಕೈತಪ್ಪಿ ಹೋಗುತ್ತಾಳೆ' ಎಂಬ ಭಯವಾದರೆ ವಾದ ಮಾಡಬೇಡಿ. ಅವರು ಮಾಡುವ ಆಚರಣೆಯ ಬಗ್ಗೆ ಅವರನ್ನೇ ಕೇಳಿ: ಯಾರಿಂದ ಕಲಿತಿರಿ? ಮೊದಲು ಹೀಗೇ ಇತ್ತಾ? ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ ಅವಳ ಅಪ್ಪ ರಾತ್ರಿ ಹನ್ನೆರಡರವರೆಗೆ ಮಾತಾಡಿದರಂತೆ. ಫೀಸು ಕಟ್ಟಲು ಅವರೇ ಬಂದಿದ್ದರು.

ಸೇರುವ ಮೊದಲು ಏನಾದರೂ ಓದಿಕೊಳ್ಳಬೇಕಾ?

ಬೇಕಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮಗೆ ಪರಿಚಯವಿಲ್ಲದ ಒಂದು ಪ್ರಾರ್ಥನೆಯ ಜಾಗಕ್ಕೆ, ಕೇಳಿಕೊಂಡು ಹೋಗಿ. ಒಂದು ಗಂಟೆ ಹಿಂದಿನ ಸಾಲಿನಲ್ಲಿ ಕೂತು, ಹೊರಗೆ ಬಂದ ಮೇಲೆ ಎರಡು ಪುಟ ಬರೆಯಿರಿ. ಮರುದಿನ ಅದನ್ನು ಓದಿ, ಕಣ್ಣಿಗೆ ಕಾಣದೆ ಬರೆದ ಪದಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಮೊದಲ ಕ್ಲಾಸಿಗೆ ಬರುವಾಗ ಆ ಎರಡು ಪುಟ ಜೊತೆಗಿರಲಿ.